ಪಾಮ್ ಸ್ಪ್ರಿಂಗ್ಸ್ ತಾರೆಯರ ಮನೆ ಟೂರ್: ದುಡ್ಡಿಗೆ ಮೋಸವಿಲ್ಲ, ಆದರೆ ತೋರಿಸುವುದು ಅರ್ಧ ಊರು

ಪಾಮ್ ಸ್ಪ್ರಿಂಗ್ಸ್‌ನಲ್ಲಿ ವ್ಯಾನಿನಲ್ಲಿ ಕೂರಿಸಿಕೊಂಡು ಹಳೇ ಹಾಲಿವುಡ್ ತಾರೆಯರ ಮನೆ ತೋರಿಸುವ ಟೂರ್ ಇದೆಯಲ್ಲ, ಅದನ್ನು ತಗೊಳ್ಳಬೇಕಾ ಬೇಡವಾ ಅಂತ ಊರಿಂದ ಅಪ್ಪ ಅಮ್ಮ ಬಂದಾಗೆಲ್ಲ ಯಾರಾದರೊಬ್ಬರು ಕೇಳುತ್ತಾರೆ. ತಗೊಳ್ಳಿ. ದುಡ್ಡು ದಂಡ ಆಗುವುದಿಲ್ಲ. ಹಾಡಿದವರು, ನಟಿಸಿದವರು ಎಲ್ಲಿದ್ದರು, ಹೇಗಿದ್ದರು ಅಂತ ಚೆನ್ನಾಗಿ ಹೇಳುತ್ತಾರೆ. ಆದರೆ ಆಡಿದವರ ಬಗ್ಗೆ ಒಂದು ಮಾತೂ ಇಲ್ಲ. ಟೆನಿಸ್, ಗಾಲ್ಫ್, ಬೇಸ್‌ಬಾಲ್ ಇಲ್ಲದಿದ್ದರೆ ಈ ಮರಳುಗಾಡಿನ ಊರು ಇಷ್ಟು ಬೆಳೆಯುತ್ತಲೇ ಇರಲಿಲ್ಲ. ಆ ಅರ್ಧವನ್ನು ನೀವೇ ಕಾರು ತೆಗೆದುಕೊಂಡು ಸುತ್ತಿ ನೋಡಬೇಕು. ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಬರೆದಿದ್ದೇನೆ, ಅದಕ್ಕೇ ಇದು ಸ್ವಲ್ಪ ಉದ್ದ ಆಗಿದೆ.

ಊರು ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ 100 ಮೈಲಿ ಚಿಲ್ಲರೆ. ಹೈವೇ 10 ಹಿಡಿದು ಹೋದರೆ ಸ್ಯಾನ್ ಗೊರ್ಗೋನಿಯೋ ಪಾಸ್ ಹತ್ತಿರ ಸಾಲು ಸಾಲು ಗಾಳಿಯಂತ್ರಗಳು ಸಿಗುತ್ತವೆ, ಕಾರು ಅಲುಗಾಡುವಷ್ಟು ಗಾಳಿ. ಅದನ್ನು ದಾಟಿದರೆ ಕೋಚೆಲ್ಲಾ ಕಣಿವೆ. ಬಲಗಡೆ 10,834 ಅಡಿ ಎತ್ತರದ ಸ್ಯಾನ್ ಹಸಿಂಟೋ ಬೆಟ್ಟ ನೇರವಾಗಿ ಗೋಡೆ ಎದ್ದ ಹಾಗೆ ನಿಂತಿದೆ, ಅದರ ಕಾಲಬುಡದಲ್ಲೇ ಊರು. ಚಳಿಗಾಲದಲ್ಲಿ ಸ್ವರ್ಗ. ಬೇಸಿಗೆಯಲ್ಲಿ ಹೋಗಬೇಡಿ. 2024ರ ಜುಲೈ 5ರಂದು ಇಲ್ಲಿ 124 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ನಮ್ಮ ಲೆಕ್ಕದಲ್ಲಿ 51 ಡಿಗ್ರಿ. ರಾಯಚೂರಿನ ಮೇ ತಿಂಗಳು ಕಂಡವರಿಗೂ ಅದು ಜಾಸ್ತಿಯೇ.

ಇಂಥ ಕಡೆಗೆ ಹಾಲಿವುಡ್‌ನವರು ಯಾಕೆ ಬಂದರು ಅಂತ ಗೈಡ್ ಶುರುವಿನಲ್ಲೇ ಹೇಳುತ್ತಾರೆ. ಆಗಿನ ನಟರು ಸ್ಟುಡಿಯೋಗಳ ಜೊತೆ ಒಪ್ಪಂದದಲ್ಲಿರುತ್ತಿದ್ದರು, ಕರೆದರೆ ಎರಡು ಗಂಟೆಯೊಳಗೆ ಬರುವಷ್ಟು ದೂರದಲ್ಲೇ ಇರಬೇಕು ಅನ್ನುವ ಕಟ್ಟಳೆ ಇತ್ತಂತೆ, ಪಾಮ್ ಸ್ಪ್ರಿಂಗ್ಸ್ ಸರಿಯಾಗಿ ಆ ಅಳತೆಗೆ ಸಿಕ್ಕಿತು. ಎಲ್ಲಾ ಗೈಡ್‌ಗಳ ಬಾಯಲ್ಲೂ ಈ ಕತೆ ಇದೆ. ಕಟ್ಟಳೆ ನಿಜವೋ ಕಟ್ಟುಕತೆಯೋ, ದೂರದ ಲೆಕ್ಕ ಮಾತ್ರ ಸರಿಹೋಗುತ್ತದೆ. ಪತ್ರಕರ್ತರ ಕಾಟ ಇರಲಿಲ್ಲ, ಜನವರಿಯಲ್ಲೂ ಈಜಬಹುದಿತ್ತು, ಅಷ್ಟು ಸಾಕಲ್ವಾ.

ಟೂರ್ ವಿಷಯಕ್ಕೆ ಬರೋಣ. ನಾವು ಹೋದ ಕಂಪನಿಯ ಹೆಸರು ಹಾಕುವುದಿಲ್ಲ. ಇಂಥವು ಅಲ್ಲಿ ಹಲವಾರು ಇವೆ, ಹೆಚ್ಚುಕಡಿಮೆ ಎಲ್ಲರೂ ಅದೇ ಬೀದಿಗಳಲ್ಲೇ ಸುತ್ತಿಸುತ್ತಾರೆ. ಡೌನ್‌ಟೌನ್‌ನಿಂದ ಹೊರಡುತ್ತದೆ, ಒಟ್ಟು ಎರಡರಿಂದ ಎರಡೂವರೆ ಗಂಟೆ. ತಲೆಗೆ 50 ಡಾಲರಿನ ಆಸುಪಾಸು, ಮೇಲೆ ಟಿಪ್ಸ್. ವ್ಯಾನ್ ಚಿಕ್ಕದು, ಹನ್ನೆರಡು ಜನ ಹಿಡಿಸುತ್ತಾರೆ. ಬುಕ್ ಮಾಡುವಾಗ ಸೀಟು ಆರಿಸಲು ಬರುವುದಿಲ್ಲ, ಬೇಗ ಬಂದವರಿಗೆ ಮುಂದಿನ ಸೀಟು. ನಾವು ಕಡೇ ಸಾಲಿನಲ್ಲಿ ಕೂತಿದ್ದೆವು, ಅಲ್ಲಿಗೆ ಏಸಿ ಗಾಳಿ ಬರಲೇ ಇಲ್ಲ. ಅಮ್ಮ ಸೆರಗಿನಲ್ಲಿ ಬೀಸಿಕೊಂಡು ಕೂತಿದ್ದರು. ಹೇಳಿದಾಗ ಗೈಡ್ ಒಂದೆರಡು ಕಡೆ ನೆರಳಲ್ಲಿ ನಿಲ್ಲಿಸಿ ಬಾಗಿಲು ತೆಗೆದರು, ಆದರೆ ಸರಿಪಡಿಸಬೇಕಾದದ್ದು ಏಸಿ. ಜೊತೆಗೆ ದೊಡ್ಡವರಿದ್ದರೆ ಇಪ್ಪತ್ತು ನಿಮಿಷ ಮುಂಚೆ ಹೋಗಿ ಮುಂದಿನ ಸೀಟು ಹಿಡಿಯಿರಿ. ಬೆಟ್ಟದ ಕಡೆ ಅಂದರೆ ಪಶ್ಚಿಮಕ್ಕೆ ಮುಖ ಮಾಡುವ ಕಿಟಕಿ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನೊಂದು ತಿಳಿದಿರಲಿ. ಯಾವ ಮನೆಯೊಳಗೂ ಬಿಡುವುದಿಲ್ಲ. ಎಲ್ಲಾ ಖಾಸಗಿ ಮನೆಗಳು. ಎಷ್ಟೋ ಕಡೆ ಆಳೆತ್ತರದ ಬೇಲಿ ಗಿಡ, ಒಂದು ಗೇಟು, ಮೇಲೆ ಒಂದಿಷ್ಟು ತಾಳೆಮರದ ತಲೆ, ಅಷ್ಟೇ ಕಾಣುವುದು. ಫೋಟೋ ಹುಚ್ಚಿಗೆ ಹೋಗುವವರಿಗೆ ಬೇಜಾರಾಗುತ್ತದೆ. ಕತೆ ಕೇಳುವ ಇಷ್ಟ ಇದ್ದರೆ ಹೋಗಿ. ನಮ್ಮ ಗೈಡ್ ಎಪ್ಪತ್ತರ ಆಸುಪಾಸಿನ ಹೆಂಗಸು, ಈ ಊರಲ್ಲೇ ಬಹಳ ವರ್ಷ ಇದ್ದವರು. ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕೈಯಲ್ಲಿ ಹಳೇ ಕಪ್ಪು ಬಿಳುಪು ಫೋಟೋಗಳ ಒಂದು ಆಲ್ಬಮ್ಮು. ಬೇಲಿ ಅಡ್ಡ ಬಂದ ಕಡೆಯೆಲ್ಲಾ ವ್ಯಾನ್ ನಿಲ್ಲಿಸಿ ಆ ಮನೆ ಒಳಗಿಂದ ಹೇಗಿತ್ತು ಅಂತ ಆಲ್ಬಮ್ ತೆಗೆದು ತೋರಿಸುತ್ತಿದ್ದರು. ಆ ಒಂದು ಆಲ್ಬಮ್ಮಿಗೇ ಅರ್ಧ ದುಡ್ಡು ಕೊಡಬಹುದು.

ಟೂರ್‌ನ ಜೀವ ಇರುವುದು ಗಾಯಕ ಫ್ರಾಂಕ್ ಸಿನಾತ್ರಾ ಮನೆಯಲ್ಲಿ. ಅಲೆಹೋ ರಸ್ತೆಯಲ್ಲಿದೆ, ಮೂವಿ ಕಾಲೊನಿ ಅನ್ನುವ ಬಡಾವಣೆ. 1947ರಲ್ಲಿ ಕಟ್ಟಿಸಿದ್ದು, ಎರಡು ತಾಳೆಮರ ಇದ್ದದ್ದಕ್ಕೆ ಟ್ವಿನ್ ಪಾಮ್ಸ್ ಅಂತ ಹೆಸರು. ಸಿನಾತ್ರಾಗೆ ಕಂಬಗಳಿರುವ ಹಳೇ ಜಾರ್ಜಿಯನ್ ಶೈಲಿಯ ಬಂಗಲೆ ಬೇಕಿತ್ತು. ಕಟ್ಟಿದ ಇ. ಸ್ಟೂವರ್ಟ್ ವಿಲಿಯಮ್ಸ್ ಆಗಿನ್ನೂ ಹೆಸರು ಮಾಡಿರದ ವಾಸ್ತುಶಿಲ್ಪಿ. ಅವರು ಕೇಳಿದ್ದನ್ನೂ ಬರೆದರು, ಜೊತೆಗೆ ತಮಗೆ ಸರಿ ಅನ್ನಿಸಿದ, ಚಪ್ಪಟೆ ಮಾಳಿಗೆಯ, ಗಾಜಿನ ಗೋಡೆಯ ಮನೆಯನ್ನೂ ಬರೆದು ಮುಂದಿಟ್ಟರು. ಸಿನಾತ್ರಾ ಎರಡನೆಯದನ್ನು ಒಪ್ಪಿಕೊಂಡರು. ಆ ಒಂದು ಒಪ್ಪಿಗೆಯಿಂದ ಊರಿನ ರೂಪವೇ ಬದಲಾಯಿತು ಅಂದರೆ ತಪ್ಪಿಲ್ಲ. ಮುಂದೆ ಅಲೆಗ್ಸಾಂಡರ್ ಅನ್ನುವ ಅಪ್ಪ ಮಗ ಸೇರಿ ಇದೇ ಥರದ ಮನೆಗಳನ್ನು ಇಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಟ್ಟಿದರು. ಈಗ ಪ್ರತಿ ಫೆಬ್ರವರಿಯಲ್ಲಿ ಮಾಡರ್ನಿಸಂ ವೀಕ್ ಅಂತ ಹಬ್ಬ ನಡೆಯುತ್ತದೆ, ಬರೀ ಮನೆ ನೋಡುವುದಕ್ಕೇ ಜನ ಪ್ರಪಂಚದ ಎಲ್ಲೆಲ್ಲಿಂದಲೋ ಬರುತ್ತಾರೆ. ಸಿನಾತ್ರಾ ಮನೆ ಒಳಗೆ ಕಾಲಿಡಬೇಕು ಅನ್ನುವವರು ಆ ವಾರದ ಟಿಕೆಟ್ ಪಟ್ಟಿ ನೋಡುತ್ತಿರಿ.

ಆ ಮನೆಯ ಈಜುಕೊಳ ಪಿಯಾನೋ ಆಕಾರದ್ದು. ಪಕ್ಕದಲ್ಲಿ ಮಾಡು ಹೊದಿಸಿದ ನಡೆದಾರಿ ಇದೆ. ಮೇಲೆ ಸಾಲಾಗಿ ಕಿಂಡಿ ಬಿಟ್ಟಿದ್ದಾರೆ, ಬಿಸಿಲು ಬಿದ್ದಾಗ ನೆಲದ ಮೇಲೆ ಕಪ್ಪು ಬಿಳಿ ಪಟ್ಟೆ ಮೂಡಿ ಪಿಯಾನೋ ಕೀಲಿಗಳ ಹಾಗೆ ಕಾಣುತ್ತದೆ. ಇದನ್ನು ಆಲ್ಬಮ್ಮಿನಲ್ಲಿ ನೋಡಿದಾಗ ಅಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿದರು. ಬಚ್ಚಲಿನ ವಾಶ್‌ಬೇಸಿನ್ ಒಂದರಲ್ಲಿ ಬಿರುಕಿದೆ, ಹೆಂಡತಿ ಆವಾ ಗಾರ್ಡ್ನರ್ ಜೊತೆ ಜಗಳವಾಡಿ ಸಿನಾತ್ರಾ ಎಸೆದ ಬಾಟಲಿಯದ್ದು ಅಂತ ಹೇಳುತ್ತಾರೆ.

ಮುಂದೆ ಸಿನಾತ್ರಾ ಪಕ್ಕದ ರ‍್ಯಾಂಚೋ ಮಿರಾಜ್‌ಗೆ ಮನೆ ಬದಲಿಸಿದರು. ಅಲ್ಲಿನ ಕತೆ ಇನ್ನೂ ಜೋರು. ಅಧ್ಯಕ್ಷ ಜಾನ್ ಕೆನಡಿ 1962ರಲ್ಲಿ ಬಂದು ಉಳಿಯುತ್ತಾರೆ ಅಂತ ಮನೆಗೆ ಕೋಣೆಗಳನ್ನು ಸೇರಿಸಿ, ಹೆಲಿಕಾಪ್ಟರ್ ಇಳಿಯುವ ಕಟ್ಟೆಯನ್ನೂ ಹಾಕಿಸಿಕೊಂಡು ಕಾದರು. ಸಿನಾತ್ರಾಗೆ ಮಾಫಿಯಾದವರ ಒಡನಾಟ ಇದೆ ಅಂತ ಕೊನೇ ಗಳಿಗೆಯಲ್ಲಿ ಕಾರ್ಯಕ್ರಮ ಬದಲಾಯಿತು. ಕೆನಡಿ ಹೋಗಿ ಉಳಿದದ್ದು ಇನ್ನೊಬ್ಬ ಗಾಯಕ ಬಿಂಗ್ ಕ್ರಾಸ್ಬಿ ಮನೆಯಲ್ಲಿ, ಪಾಮ್ ಡೆಸರ್ಟ್‌ನಲ್ಲಿ. ಅಷ್ಟೆಲ್ಲಾ ಮಾಡಿಸಿಕೊಂಡು ಕಾದ ಮನುಷ್ಯನಿಗೆ ಹೇಗಾಗಿರಬೇಡ. ನನಗೆ ಸಿನಾತ್ರಾ ಹಾಡುಗಳಿಗಿಂತ ಈ ಕತೆ ಕೇಳಿದ ಮೇಲೆ ಆತನ ಮೇಲೆ ಅಕ್ಕರೆ ಬಂತು. ಆ ರಸ್ತೆಗೆ ಈಗ ಅವರದ್ದೇ ಹೆಸರು.

ಎಲ್ವಿಸ್ ಪ್ರೆಸ್ಲಿಯ ಮನೆ ಇರುವುದು ಲಡೇರಾ ಸರ್ಕಲ್‌ನಲ್ಲಿ, ಬೆಟ್ಟಕ್ಕೆ ಒತ್ತಿಕೊಂಡ ಹಾಗೆ. ಇದೊಂದು ಮನೆ ಹೊರಗಿನಿಂದಲೂ ಚೆನ್ನಾಗಿ ಕಾಣುತ್ತದೆ. ದುಂಡು ದುಂಡು ಕೋಣೆಗಳು, ಕಲ್ಲಿನ ಗೋಡೆ, ಮೇಲೆ ರೆಕ್ಕೆ ಚಾಚಿದಂಥ ಮಾಡು. ಮೇಲೆ ಹೇಳಿದ ಅಲೆಗ್ಸಾಂಡರ್‌ರ ಮಗ ರಾಬರ್ಟ್ ತನ್ನ ಹೆಂಡತಿ ಹೆಲೀನ್‌ಗಾಗಿ ಕಟ್ಟಿಸಿದ್ದು. ಲುಕ್ ಪತ್ರಿಕೆ 1962ರಲ್ಲಿ ಇದನ್ನು ನಾಳಿನ ಮನೆ ಅಂತ ಹೊಗಳಿ ಫೋಟೋ ಹಾಕಿತ್ತು. ಮೂರೇ ವರ್ಷಕ್ಕೆ, 1965ರಲ್ಲಿ, ಗಂಡ ಹೆಂಡತಿ ಇಬ್ಬರೂ ವಿಮಾನ ಅಪಘಾತದಲ್ಲಿ ಹೋದರು. ಮಗನ ಜೊತೆ ಅಪ್ಪ ಜಾರ್ಜ್ ಕೂಡ. ಆಮೇಲೆ ಎಲ್ವಿಸ್ ಬಾಡಿಗೆಗೆ ಹಿಡಿದರು. 1967ರ ಮೇ 1ರಂದು ಲಾಸ್ ವೇಗಸ್‌ನಲ್ಲಿ ಮದುವೆಯಾಗಿ ಪ್ರಿಸಿಲಾ ಜೊತೆ ಬಂದದ್ದು ಇಲ್ಲಿಗೇ. ಮಗಳು ಲಿಸಾ ಮೇರಿ ಹುಟ್ಟಿದ್ದು 1968ರ ಫೆಬ್ರವರಿ 1ರಂದು, ಸರಿಯಾಗಿ ಒಂಬತ್ತು ತಿಂಗಳಿಗೆ. ಗೈಡ್ ಎಲ್ವಿಸ್‌ನ ಮಧುಚಂದ್ರವನ್ನೇ ಹತ್ತು ನಿಮಿಷ ಹೇಳಿದರು. ಕಟ್ಟಿದವರು ಹೋದದ್ದನ್ನು ಒಂದೇ ಮಾತಿನಲ್ಲಿ ಮುಗಿಸಿದರು. ಆ ದಂಪತಿಯ ಕತೆಯನ್ನು ಇನ್ನಷ್ಟು ಹೇಳಬೇಕಿತ್ತು ಅನ್ನಿಸಿತು, ಊರಿನ ಅಷ್ಟು ಮನೆ ಅವರ ಮನೆತನದ್ದೇ ಕೆಲಸ ಅಲ್ವಾ.

ಉಳಿದ ಮನೆಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಕರ್ಕ್ ಡಗ್ಲಸ್, ಡೀನ್ ಮಾರ್ಟಿನ್, ಕೇರಿ ಗ್ರಾಂಟ್, ಇವರ ಮನೆಗಳ ಗೇಟು ನೋಡುತ್ತೀರಿ. ಪಿಯಾನೋ ವಾದಕ ಲಿಬರಾಚಿ ಮನೆ ಚರ್ಚಿನ ಎದುರಿಗಿದೆ, 1987ರಲ್ಲಿ ಆತ ತೀರಿಕೊಂಡಿದ್ದೂ ಈ ಊರಲ್ಲೇ. 1946ರಲ್ಲಿ ರಿಚರ್ಡ್ ನ್ಯೂಟ್ರಾ ಕಟ್ಟಿದ ಕಾಫ್‌ಮನ್ ಮನೆಯಲ್ಲಿ ಒಂದು ಕಾಲಕ್ಕೆ ಗಾಯಕ ಬ್ಯಾರಿ ಮ್ಯಾನಿಲೋ ಇದ್ದರು. ಬಾಬ್ ಹೋಪ್‌ರ (ಹಾಸ್ಯನಟ) ಮನೆಯನ್ನು ಕೆಳಗಿನ ರಸ್ತೆಯಿಂದಲೇ ನೋಡಬೇಕು. ಸೌತ್‌ರಿಡ್ಜ್ ಗುಡ್ಡದ ಮೇಲೆ ಜ್ವಾಲಾಮುಖಿಯ ಬಾಯಿಯಂತೆ ಕಾಣುವ ದೊಡ್ಡ ಮಾಡು ಅದು, ಜಾನ್ ಲಾಟ್ನರ್ ವಿನ್ಯಾಸ. ಕಟ್ಟುತ್ತಿರುವಾಗಲೇ 1973ರಲ್ಲಿ ವೆಲ್ಡಿಂಗ್ ಕಿಡಿ ಬಿದ್ದು ಸುಟ್ಟುಹೋಗಿ, ಮತ್ತೆ ಕಟ್ಟಿ ಮುಗಿಸುವಷ್ಟರಲ್ಲಿ ಆ ದಶಕವೇ ಮುಗಿಯುತ್ತಾ ಬಂದಿತ್ತು.

ಈಗ ನನ್ನ ದೂರು. ಬಾಬ್ ಹೋಪ್ ಮನೆ ತೋರಿಸಿದವರು ಆತನ ಹೆಸರಿನ ಗಾಲ್ಫ್ ಟೂರ್ನಿ ಬಗ್ಗೆ ಒಂದು ಮಾತು ಹೇಳಬಾರದಾ? ಆ ಟೂರ್ನಿ 1960ರಲ್ಲಿ ಶುರುವಾಯಿತು, ಮೊದಲ ವರ್ಷ ಗೆದ್ದದ್ದು ಆರ್ನಾಲ್ಡ್ ಪಾಮರ್. 1965ರಿಂದ ಹೋಪ್ ಹೆಸರು ಸೇರಿಕೊಂಡಿತು. ನಟರು, ಗಾಯಕರು, ಮಾಜಿ ಅಧ್ಯಕ್ಷರು ವೃತ್ತಿಪರ ಆಟಗಾರರ ಜೊತೆ ಒಂದೇ ಗುಂಪಿನಲ್ಲಿ ಆಡುತ್ತಿದ್ದ ಟೂರ್ನಿ ಅದು. ಪಾಮರ್ ಒಟ್ಟು ಐದು ಸಲ ಗೆದ್ದರು. 1973ರಲ್ಲಿ ಇಲ್ಲಿ ಗೆದ್ದದ್ದೇ ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ ಪಿಜಿಎ ಟೂರ್‌ನಲ್ಲಿ ಅವರ ಕೊನೆಯ ಗೆಲುವು. 1999ರಲ್ಲಿ ಡೇವಿಡ್ ಡುವಾಲ್ ಕೊನೆಯ ದಿನ 59 ಹೊಡೆತಕ್ಕೆ ಸುತ್ತು ಮುಗಿಸಿ ಗೆದ್ದದ್ದೂ ಇದೇ ಟೂರ್ನಿ. ಹೆಸರು ಬದಲಾಗಿ ಈಗಲೂ ಪ್ರತಿ ಜನವರಿಯಲ್ಲಿ ಲಾ ಕ್ವಿಂಟಾದಲ್ಲಿ ನಡೆಯುತ್ತದೆ. ಇಷ್ಟೆಲ್ಲಾ ಇದ್ದೂ ವ್ಯಾನಿನಲ್ಲಿ ನಮಗೆ ಹೇಳಿದ್ದು ಮನೆ ಎಷ್ಟಕ್ಕೆ ಮಾರಾಟವಾಯಿತು ಅನ್ನುವುದು ಮಾತ್ರ.

ಡೈನಾ ಶೋರ್ ವಿಷಯದಲ್ಲೂ ಇದೇ ಆಯಿತು. ಅವರ ಹಳೇ ಮನೆಯ ಮುಂದೆ ನಿಲ್ಲಿಸಿ, ಡೊನಾಲ್ಡ್ ವೆಕ್ಸ್‌ಲರ್ ವಿನ್ಯಾಸ ಮಾಡಿದ್ದು, 2014ರಲ್ಲಿ ಲಿಯೊನಾರ್ಡೊ ಡಿಕಾಪ್ರಿಯೊ ಕೊಂಡರು ಅಂತ ಹೇಳಿದರು. ಮುಂದಿದ್ದವರೆಲ್ಲಾ ಫೋನ್ ಎತ್ತಿ ಫೋಟೋ ತೆಗೆದುಕೊಂಡರು, ವ್ಯಾನ್ ಹೊರಟಿತು. ಡೈನಾ ಶೋರ್ ಹೆಣ್ಣುಮಕ್ಕಳ ಗಾಲ್ಫ್‌ಗೆ ಮಾಡಿದ್ದೇನು ಕಡಿಮೆಯಾ? ಈ ಗಾಯಕಿ, ಟಿವಿ ನಿರೂಪಕಿ 1972ರಲ್ಲಿ ರ‍್ಯಾಂಚೋ ಮಿರಾಜ್‌ನ ಮಿಶನ್ ಹಿಲ್ಸ್ ಕ್ಲಬ್ಬಿನಲ್ಲಿ ಶುರುವಾದ ಟೂರ್ನಿಗೆ ತನ್ನ ಹೆಸರು, ಮುಖ ಎರಡನ್ನೂ ಕೊಟ್ಟರು. 1983ರಲ್ಲಿ ಅದಕ್ಕೆ ಮೇಜರ್ ಸ್ಥಾನ, ಅಂದರೆ ಹೆಣ್ಣುಮಕ್ಕಳ ಗಾಲ್ಫಿನ ಅತಿ ದೊಡ್ಡ ಟೂರ್ನಿಗಳ ಸಾಲು, ಸಿಕ್ಕಿತು. 1988ರಲ್ಲಿ ಗೆದ್ದ ಏಮಿ ಆಲ್ಕಾಟ್ ಖುಷಿ ತಡೆಯಲಾರದೆ ಹದಿನೆಂಟನೇ ಗ್ರೀನ್ (ಕೊನೇ ಗುಳಿಯ ಸುತ್ತಿನ ಹುಲ್ಲು) ಪಕ್ಕದ ಕೊಳಕ್ಕೆ ಹಾರಿದರು. 1991ರಲ್ಲಿ ಮತ್ತೆ ಗೆದ್ದಾಗ ಡೈನಾ ಶೋರ್‌ರನ್ನೂ ಜೊತೆಗೆ ಎಳೆದುಕೊಂಡು ಹಾರಿದರು. ಎಪ್ಪತ್ತು ದಾಟಿದ ಹೆಂಗಸು, ಬಟ್ಟೆ ಸಮೇತ! ಆಮೇಲೆ ಗೆದ್ದವರೆಲ್ಲಾ ಆ ಕೊಳಕ್ಕೆ ಹಾರುವುದು ಪದ್ಧತಿಯಾಯಿತು. 2023ರಿಂದ ಟೂರ್ನಿ ಟೆಕ್ಸಾಸ್‌ಗೆ ಹೋಗಿದೆ, ನನಗೆ ಅದು ಈಗಲೂ ನುಂಗಲಾರದ ತುತ್ತು. ಐವತ್ತು ವರ್ಷ ಒಂದೇ ಜಾಗದಲ್ಲಿ ನಡೆದ ಆಟವನ್ನು ಕೀಳಬಾರದಿತ್ತು.

ರಾಕೆಟ್ ಕ್ಲಬ್ ಅನ್ನುವ ಟೆನಿಸ್ ಕ್ಲಬ್ ಇದ್ದ ಜಾಗವನ್ನು ನಮ್ಮ ವ್ಯಾನು ದೂರದಿಂದ ತೋರಿಸಿತು, ಮರಿಲಿನ್ ಮನ್ರೋ ಹೆಸರು ಹೇಳಿ ಮುಗಿಸಿದರು. ಈಜುಕೊಳದ ಪಕ್ಕ ಮನ್ರೋ ಕಣ್ಣಿಗೆ ಬಿದ್ದು ಅವಕಾಶ ಸಿಕ್ಕಿತು ಅನ್ನುವ ಕತೆ ಅದು. ನಿಜವಾದ ಸ್ವಾರಸ್ಯ ಕ್ಲಬ್ ಹುಟ್ಟಿದ ಬಗೆಯಲ್ಲಿದೆ. ಚಾರ್ಲ್ಸ್ ಫಾರೆಲ್, ರಾಲ್ಫ್ ಬೆಲ್ಲಮಿ ಇಬ್ಬರೂ ನಟರು, ಟೆನಿಸ್ ಅಂದರೆ ಪ್ರಾಣ. ಎಲ್ ಮಿರಾಡೋರ್ ಹೋಟೆಲಿನ ಅಂಕಣದಲ್ಲಿ ಇಡೀ ದಿನ ಆಡುತ್ತಿದ್ದರು. ಉಳಿದ ಅತಿಥಿಗಳಿಗೆ ಜಾಗವೇ ಸಿಗುವುದಿಲ್ಲ ಅಂತ ಹೋಟೆಲಿನವರು ಎಬ್ಬಿಸಿದರಂತೆ. ಸರಿ, ನಾವೇ ಅಂಕಣ ಹಾಕಿಕೊಳ್ಳುತ್ತೇವೆ ಅಂತ ಊರಾಚೆ ಜಾಗ ಕೊಂಡು 1934ರಲ್ಲಿ ಕ್ಲಬ್ ತೆರೆದೇಬಿಟ್ಟರು. ಎರಡು ಅಂಕಣದಿಂದ ಶುರು. ಹಾಲಿವುಡ್ಡೇ ಬಂದು ಬಿತ್ತು. ಆ ಫಾರೆಲ್ 1948ರಿಂದ 1953ರವರೆಗೆ ಊರಿನ ಮೇಯರ್ ಕೂಡ ಆಗಿದ್ದರು. ಅಂದರೆ ಈ ಊರಿಗೆ ತಾರೆಯರನ್ನು ಎಳೆದು ತಂದದ್ದರಲ್ಲಿ ಟೆನಿಸ್ ಅಂಕಣದ ಪಾಲು ಎಷ್ಟು ದೊಡ್ಡದು ನೋಡಿ. ಇಷ್ಟು ಹೇಳುವುದಕ್ಕೆ ಎರಡು ನಿಮಿಷ ಸಾಕು.

ಇನ್ನೊಂದು ವಿಷಯವನ್ನೂ ಬಿಟ್ಟರು, ಅದು ಆಟಕ್ಕಿಂತ ದೊಡ್ಡದು. ಡೌನ್‌ಟೌನ್ ಪಕ್ಕದಲ್ಲೇ ಒಂದು ಚದರ ಮೈಲಿ ಜಾಗ, ಸೆಕ್ಷನ್ 14 ಅಂತ ಕರೆಯುತ್ತಾರೆ, ಅಗ್ವಾ ಕ್ಯಾಲಿಯೆಂಟೆ ಬುಡಕಟ್ಟಿನವರ ನೆಲ. ತಾರೆಯರ ಮನೆ ಕಟ್ಟಿದ ಮೇಸ್ತ್ರಿಗಳು, ಅಡುಗೆಯವರು, ತೋಟದವರು, ಹೆಚ್ಚಾಗಿ ಕಪ್ಪು ಜನ ಮತ್ತು ಮೆಕ್ಸಿಕೋ ಮೂಲದವರು, ಇದ್ದದ್ದು ಅಲ್ಲಿ. ಬೇರೆ ಬಡಾವಣೆಗಳಲ್ಲಿ ಅವರಿಗೆ ಮನೆ ಕೊಡುತ್ತಿರಲಿಲ್ಲ. 1960ರ ದಶಕದಲ್ಲಿ ನಗರಸಭೆ ಅವರ ಮನೆಗಳನ್ನು ಕೆಡವಿಸಿ ಸುಡಿಸಿತು. 1968ರಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಕಚೇರಿಯ ವರದಿಯೇ ಅದನ್ನು ಅತಿ ಕಟುವಾಗಿ ಖಂಡಿಸಿತ್ತು. 2024ರಲ್ಲಿ ನಗರಸಭೆ 59 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು. ಯಹೂದಿಗಳಿಗೂ ಕೆಲವು ಗಾಲ್ಫ್ ಕ್ಲಬ್‌ಗಳಲ್ಲಿ ಪ್ರವೇಶ ಇರಲಿಲ್ಲ. ಜ್ಯಾಕ್ ಬೆನ್ನಿ, ಜಾರ್ಜ್ ಬರ್ನ್ಸ್, ಮಾರ್ಕ್ಸ್ ಸಹೋದರರಂಥ ದೊಡ್ಡ ಹಾಸ್ಯನಟರು 1952ರಲ್ಲಿ ಟ್ಯಾಮರಿಸ್ಕ್ ಅನ್ನುವ ಬೇರೆ ಕ್ಲಬ್ಬನ್ನೇ ಸೇರಿ ಕಟ್ಟಿಕೊಳ್ಳಬೇಕಾಯಿತು. ಅದರ ಮೊದಲ ಗಾಲ್ಫ್ ಗುರು ಬೆನ್ ಹೋಗನ್. ನಾನು ಗೈಡ್‌ಗೆ ಸೆಕ್ಷನ್ 14 ಬಗ್ಗೆ ಕೇಳಿದೆ. ಅವರಿಗೆ ಚೆನ್ನಾಗಿ ಗೊತ್ತಿತ್ತು, ಇಳಿಯುವಾಗ ನಿಂತು ಮಾತಾಡಿದರು, ಆದರೆ ಕಂಪನಿ ಕೊಟ್ಟ ಟೂರ್‌ನಲ್ಲಿ ಅದಿಲ್ಲ. ಇರಬೇಕು. ದುಡ್ಡು ಕೊಟ್ಟು ಬಂದವರಿಗೆ ಊರಿನ ಕತೆ ಪೂರ್ತಿ ಕೇಳುವ ಹಕ್ಕಿದೆ.

ಟೂರ್‌ಗೆ ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಗೈಡ್ ಒಬ್ಬರಿಗೇ ಆದರೆ ಐದಕ್ಕೆ ಐದು.

ಉಳಿದ ಅರ್ಧವನ್ನು ನೋಡುವುದು ಹೀಗೆ. ಡೌನ್‌ಟೌನ್‌ನಲ್ಲಿ ಪಾಮ್ ಕ್ಯಾನ್ಯನ್ ರಸ್ತೆಯ ಫುಟ್‌ಪಾತಿನಲ್ಲಿ ವಾಕ್ ಆಫ್ ಸ್ಟಾರ್ಸ್, ಅಂದರೆ ಹೆಸರಾದವರ ಹೆಸರಿನ ನಕ್ಷತ್ರ ಕೂರಿಸಿದ ದಾರಿ, ಇದೆ, 1992ರಲ್ಲಿ ಶುರುವಾದದ್ದು, ಫಾರೆಲ್ ಮತ್ತು ಬೆಲ್ಲಮಿ ಮೊದಲ ಸಾಲಿನವರು. ನಕ್ಷತ್ರಗಳು ನಾನೂರಕ್ಕೂ ಹೆಚ್ಚಿವೆ, ಅರ್ಧದಷ್ಟು ಹೆಸರು ನಮಗೆ ಗೊತ್ತಿರುವುದಿಲ್ಲ. ಅದಕ್ಕೇ ಅಂತ ಹೋಗಬೇಡಿ, ನಡೆಯುತ್ತಾ ನೋಡಿದರೆ ಸಾಕು. ಅಲ್ಲೇ ಸನ್ನಿ ಬೋನೋ ಪ್ರತಿಮೆ ಸಿಗುತ್ತದೆ. ಹಾಡುಗಾರ, ತನ್ನ ರೆಸ್ಟೋರೆಂಟಿಗೆ ಬೋರ್ಡು ಹಾಕಲು ನಗರಸಭೆ ಸತಾಯಿಸಿತು ಅಂತ ಸಿಟ್ಟಾಗಿ ಚುನಾವಣೆಗೆ ನಿಂತು 1988ರಲ್ಲಿ ಮೇಯರ್ ಆದವರು. ಈಗ ಪ್ರತಿ ಜನವರಿಯಲ್ಲಿ ನಡೆಯುವ ಅಂತರರಾಷ್ಟ್ರೀಯ ಚಿತ್ರೋತ್ಸವ ಅವರದ್ದೇ ಕನಸು. ಮ್ಯೂಸಿಯಂ ಕಡೆ ಹೋದರೆ ಮರಿಲಿನ್ ಮನ್ರೋ 26 ಅಡಿ ಎತ್ತರಕ್ಕೆ ನಿಂತಿದ್ದಾಳೆ. ಫೋಟೋ ತೆಗೆಸಿಕೊಳ್ಳುವವರ ಸಾಲು ಇದ್ದೇ ಇರುತ್ತದೆ. ನನಗೆ ಅದು ಇಷ್ಟವಾಗಲಿಲ್ಲ. ಬೀದಿಯಲ್ಲಿ ಜನ ಅವಳ ಲಂಗದ ಕೆಳಗೆ ನಿಂತು ಫೋಟೋ ತೆಗೆಯುವುದನ್ನು ನೋಡಲು ಕಸಿವಿಸಿ ಆಗುತ್ತದೆ.

ಬೇಸ್‌ಬಾಲ್ ಇಷ್ಟ ಇರುವವರು ಸನ್‌ರೈಸ್ ಪಾರ್ಕ್ ಪಕ್ಕದ ಹಳೇ ಸ್ಟೇಡಿಯಂ ನೋಡಿ. 1961ರಿಂದ 1992ರವರೆಗೆ ಏಂಜಲ್ಸ್ ತಂಡ ಋತುವಿಗೆ ಮುಂಚಿನ ತಾಲೀಮಿಗೆ ಇಲ್ಲಿಗೆ ಬರುತ್ತಿತ್ತು. ತಂಡದ ಮಾಲೀಕ ಜೀನ್ ಆಟ್ರಿ, ತೆರೆ ಮೇಲೆ ಕುದುರೆ ಹತ್ತಿ ಹಾಡುತ್ತಿದ್ದ ಕೌಬಾಯ್ ನಟ. ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಐದೂ ವಿಭಾಗದ ನಕ್ಷತ್ರ ಇರುವುದು ಅವರೊಬ್ಬರಿಗೇ. ಏರ್‌ಪೋರ್ಟ್ ಪಕ್ಕದ ದೊಡ್ಡ ರಸ್ತೆಗೆ ಅವರ ಹೆಸರೇ ಇದೆ. ಬಾಕ್ಸಿಂಗ್ ನೋಡುವವರಿಗೆ ತಿಮೋತಿ ಬ್ರ್ಯಾಡ್ಲಿ ನೆನಪಿರಬಹುದು, 2012ರಲ್ಲಿ ಮ್ಯಾನಿ ಪಾಕಿಯಾವೊ ವಿರುದ್ಧ ಗೆದ್ದು ಆ ತೀರ್ಪಿನ ಮೇಲೆ ದೊಡ್ಡ ಗಲಾಟೆ ಆಗಿತ್ತಲ್ಲ, ಆತ ಈ ಕಣಿವೆಯ ಹುಡುಗ. ಸಿನಾತ್ರಾ, ಬೋನೋ ಇಬ್ಬರ ಸಮಾಧಿಯೂ ಪಕ್ಕದ ಕೆಥೀಡ್ರಲ್ ಸಿಟಿಯ ಡೆಸರ್ಟ್ ಮೆಮೋರಿಯಲ್ ಪಾರ್ಕ್‌ನಲ್ಲಿದೆ, ದುಡ್ಡು ಕೊಡಬೇಕಿಲ್ಲ. ನೆಲಕ್ಕೆ ಸಮವಾದ ಸಣ್ಣ ಕಲ್ಲುಗಳು, ಹುಡುಕಬೇಕು. ಸಿನಾತ್ರಾ ಕಲ್ಲಿನ ಮೇಲೆ ಯಾರೋ ಚಿಲ್ಲರೆ ನಾಣ್ಯ ಇಟ್ಟು ಹೋಗಿದ್ದರು.

ಆದರೆ ನೀವು ಕನ್ನಡದವರಾಗಿದ್ದರೆ ತಪ್ಪಿಸಬಾರದ ಜಾಗ ಒಂದೇ, ಇಂಡಿಯನ್ ವೆಲ್ಸ್ ಟೆನಿಸ್ ಗಾರ್ಡನ್. ಡೌನ್‌ಟೌನ್‌ನಿಂದ ಕಾರಿನಲ್ಲಿ ಅರ್ಧ ಗಂಟೆ. ದೊಡ್ಡ ಸ್ಟೇಡಿಯಂನಲ್ಲಿ 16,100 ಜನ ಕೂರಬಹುದು, ಟೆನಿಸ್‌ಗಾಗಿಯೇ ಕಟ್ಟಿದವುಗಳಲ್ಲಿ ಪ್ರಪಂಚದಲ್ಲೇ ಎರಡನೇ ದೊಡ್ಡದು. ಟೂರ್ನಿ ಪ್ರತಿ ಮಾರ್ಚ್‌ನಲ್ಲಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2023ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಜೊತೆ ಡಬಲ್ಸ್ ಗೆದ್ದದ್ದು ಇಲ್ಲೇ. ಎದುರಿಗಿದ್ದವರು ಅಗ್ರ ಶ್ರೇಯಾಂಕದ ಕೂಲ್‌ಹಾಫ್ ಮತ್ತು ಸ್ಕಪ್ಸ್‌ಕಿ. 6-3, 2-6, 10-8. ಬೋಪಣ್ಣಗೆ ಆಗ 43. ಅಷ್ಟು ವಯಸ್ಸಿನಲ್ಲಿ ಮಾಸ್ಟರ್ಸ್ 1000 (ಗ್ರ್ಯಾಂಡ್ ಸ್ಲಾಮ್ ಕೆಳಗಿನ ದೊಡ್ಡ ಟೂರ್ನಿಗಳ ಸಾಲು) ಪ್ರಶಸ್ತಿ ಅದುವರೆಗೆ ಯಾರೂ ಗೆದ್ದಿರಲಿಲ್ಲ, ಹಿಂದಿನ ದಾಖಲೆ ಕೆನಡಾದ ಡೇನಿಯಲ್ ನೆಸ್ಟರ್ ಹೆಸರಲ್ಲಿತ್ತು. ಮುಂದಿನ ಜನವರಿಯಲ್ಲಿ ಇದೇ ಜೋಡಿ ಆಸ್ಟ್ರೇಲಿಯನ್ ಓಪನ್ ಗೆದ್ದಿತು, ಬೋಪಣ್ಣ ಡಬಲ್ಸ್‌ನಲ್ಲಿ ನಂಬರ್ ಒನ್ ಆದರು. ಅಪ್ಪನಿಗೆ ಸಿನಾತ್ರಾ, ಎಲ್ವಿಸ್ ಎಲ್ಲಾ ಹೊಸ ಹೆಸರು. ಸ್ಟೇಡಿಯಂ ಮುಂದೆ ಇಳಿದಾಗ ಮಾತ್ರ, ನಮ್ಮ ಬೋಪಣ್ಣ ಗೆದ್ದದ್ದು ಇದೇನಾ ಅಂತ ಕೇಳಿ, ಪಕ್ಕದಲ್ಲಿದ್ದ ಗುರುತಿಲ್ಲದ ಅಮೆರಿಕನ್ ದಂಪತಿಗೆ ಕಾಫಿ ತೋಟದ ಮನೆತನದಿಂದ ಬಂದ ಹುಡುಗ ಅಂತ ತಮ್ಮ ಇಂಗ್ಲಿಷಿನಲ್ಲಿ ಪೂರಾ ವಿವರಿಸಿದರು. ಅವರೂ ನಿಂತು ಕೇಳಿದರು.

ಇದೇ ಸ್ಟೇಡಿಯಂನಲ್ಲಿ 2001ರಲ್ಲಿ ನಡೆದದ್ದನ್ನೂ ತಿಳಿದು ಹೋಗಿ. ತಂಗಿ ಸೆರೆನಾ ವಿರುದ್ಧದ ಸೆಮಿಫೈನಲ್‌ನಿಂದ ವೀನಸ್ ವಿಲಿಯಮ್ಸ್ ಗಾಯದ ಕಾರಣಕ್ಕೆ ಕೊನೇ ನಿಮಿಷದಲ್ಲಿ ಹಿಂದೆ ಸರಿದರು. ಅವರಿಬ್ಬರ ಅಪ್ಪನೇ ಆಟ ಯಾರು ಗೆಲ್ಲಬೇಕು ಅಂತ ನಿರ್ಧರಿಸುತ್ತಾನೆ ಅನ್ನುವ ಗುಸುಗುಸು ಎದ್ದು, ಫೈನಲ್ ದಿನ ಪ್ರೇಕ್ಷಕರು ಹತ್ತೊಂಬತ್ತು ವರ್ಷದ ಸೆರೆನಾಳನ್ನು ಆಟದ ಉದ್ದಕ್ಕೂ ಕೂಗಿ ಅವಮಾನಿಸಿದರು. ಕಿಮ್ ಕ್ಲೈಸ್ಟರ್ಸ್ ಎದುರು ಮೊದಲ ಸೆಟ್ ಸೋತೂ ಆಕೆ ಗೆದ್ದಳು. ಜನಾಂಗದ ಹೆಸರಲ್ಲಿ ಬೈದರು ಅಂತ ಸೆರೆನಾಳ ಅಪ್ಪ ಹೇಳಿದರು. ಅಕ್ಕ ತಂಗಿ ಇಬ್ಬರೂ ಆಮೇಲೆ ಇಲ್ಲಿಗೆ ಕಾಲಿಡಲಿಲ್ಲ. ಸೆರೆನಾ ಮರಳಿದ್ದು 2015ರಲ್ಲಿ, ಆಗ ಇಡೀ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ಹೊಡೆಯಿತು, ಆಕೆ ಕಣ್ಣೀರು ಹಾಕಿದಳು. ವೀನಸ್ ಬಂದದ್ದು 2016ರಲ್ಲಿ. ಸೆಕ್ಷನ್ 14 ಕತೆ ಗೊತ್ತಿರುವವರಿಗೆ ಈ ಕಣಿವೆಯಲ್ಲಿ ಹಾಗಾದದ್ದು ಇನ್ನೂ ಜಾಸ್ತಿ ನೋವು ಕೊಡುತ್ತದೆ.

ಕೆಲಸಕ್ಕೆ ಬರುವ ಮಾತು ಇಷ್ಟು. ಟೂರ್ನಿಗೆ ದೊಡ್ಡ ಸ್ಟೇಡಿಯಂ ಸೀಟಿಗೆ ದುಡ್ಡು ಸುರಿಯಬೇಡಿ. ಮೊದಲ ವಾರದಲ್ಲಿ ಗ್ರೌಂಡ್ ಪಾಸ್ (ಆವರಣದೊಳಗೆ ಸುತ್ತಾಡುವ ಟಿಕೆಟ್) ತಗೊಂಡು ಬೆಳಿಗ್ಗೆಯೇ ಹೋಗಿ ಪ್ರಾಕ್ಟೀಸ್ ಅಂಕಣಗಳ ಪಕ್ಕ ನಿಲ್ಲಿ, ಆಟಗಾರರು ಬೇಲಿಯಾಚೆ ಕೈಗೆಟುಕುವಷ್ಟು ಹತ್ತಿರ ಇರುತ್ತಾರೆ. ಡಬಲ್ಸ್ ಪಂದ್ಯಗಳು ಹೆಚ್ಚಾಗಿ ಸಣ್ಣ ಅಂಕಣಗಳಲ್ಲಿ, ಅಲ್ಲಿ ಚೆಂಡು ಹೊಡೆದ ಸದ್ದು ಎದೆಗೆ ತಾಗುತ್ತದೆ. ಟೋಪಿ, ನೀರು ಮರೆಯಬೇಡಿ, ಬಿಸಿಲು ಮಾರ್ಚ್‌ನಲ್ಲೂ ಸುಡುತ್ತದೆ. ಆ ವಾರಗಳಲ್ಲಿ ಪಾಮ್ ಸ್ಪ್ರಿಂಗ್ಸ್ ಹೋಟೆಲ್ ರೇಟು ಏರಿರುತ್ತದೆ, ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ. ಇಂಡಿಯೋ ಕಡೆ ಹೋದರೆ 1924ರಿಂದ ಇರುವ ಶೀಲ್ಡ್ಸ್ ಖರ್ಜೂರದ ತೋಟದಲ್ಲಿ ಖರ್ಜೂರದ ಮಿಲ್ಕ್‌ಶೇಕ್ ಕುಡಿಯಿರಿ, ಇಬ್ಬರಿಗೆ ಒಂದು ಲೋಟ ಸಾಕು, ಅಷ್ಟು ಸಿಹಿ. ತಾರೆಯರ ಮನೆ ಟೂರ್‌ಗೆ ಬೆಳಗಿನ ಮೊದಲ ವ್ಯಾನನ್ನೇ ಹಿಡಿಯಿರಿ, ಏಸಿ ಎಲ್ಲಾ ಸಾಲಿಗೂ ಬರುತ್ತಾ ಅಂತ ಫೋನ್ ಮಾಡಿ ಕೇಳಿಕೊಂಡೇ ದುಡ್ಡು ಕಟ್ಟಿ.